ಮಾಜಿ ಸೈನಿಕ ಕೋಟಾ: ಡಿಸ್ಚಾರ್ಜ್‌ಗೆ ಮುಂಚೆನೇ ಅರ್ಜಿ ಹಾಕಬಹುದಾ, ಹೆಂಡತಿ ಮಕ್ಕಳಿಗೂ ಸಿಗುತ್ತಾ?

ಮಲೆನಾಡಿನ_ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಆರ್ಮಿಲಿ ಹವಾಲ್ದಾರ್. 17 ವರ್ಷ ಸರ್ವಿಸ್ ಮುಗೀತಾ ಬಂತು. ಇನ್ನೂ ಮುಂದುವರಿಸೋ ಅವಕಾಶ ಇದೆ ಆದ್ರೆ ಅತ್ತೆಗೆ ಹುಷಾರಿಲ್ಲ, ಮಗಳು ಎಸ್ಸೆಸ್ಸೆಲ್ಸಿಗೆ ಬರ್ತಿದ್ದಾಳೆ, ನಾನೊಬ್ಬಳೇ ಎಲ್ಲಾ ಕಡೆ ಓಡಾಡೋದು ಕಷ್ಟ ಆಗ್ತಿದೆ ಅಂತ ಅವರೇ ಡಿಸ್ಚಾರ್ಜ್‌ಗೆ ಬರ್ಕೊಟ್ಟಿದ್ದಾರೆ. ಇನ್ನು ಕೆಲವು ತಿಂಗಳಲ್ಲಿ ಮನೆಗೆ ಬರ್ತಾರೆ, ಆಗ ವಯಸ್ಸು 37 ಆಗಿರುತ್ತೆ. ಓದಿರೋದು ಪಿಯುಸಿ.

ಊರಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಒಬ್ರು, ತಾವಾಗೇ ಬಿಟ್ಟು ಬಂದ್ರೆ ಮಾಜಿ ಸೈನಿಕ ಅಂತ ಲೆಕ್ಕಕ್ಕೇ ತಗೊಳ್ಳಲ್ಲ ಅಂತಾರೆ. ಇನ್ನೊಬ್ರು, ಏನೂ ಯೋಚನೆ ಮಾಡ್ಬೇಡಿ ಕೋಟಾ ಇದೆ ಬಂದ ತಕ್ಷಣ ಕೆಲಸ ಅಂತಾರೆ. ನಮ್ಮ ಭಾವ, ಮೊದಲು ಸಿಕ್ಕಿದ್ದಕ್ಕೆ ಸೇರ್ಕೊಳ್ಳಲಿ ಆಮೇಲೆ ದೊಡ್ಡದಕ್ಕೆ ಟ್ರೈ ಮಾಡಿದ್ರಾಯ್ತು ಅಂತ ಹೇಳ್ತಿದ್ದಾರೆ. ನಾನು ಬಿಎಸ್ಸಿ ಬಿಎಡ್ ಮಾಡಿದೀನಿ, ಇವರ ಕೋಟಾದಲ್ಲಿ ನನಗೆ ಟೀಚರ್ ಕೆಲಸಕ್ಕೆ ಹಾಕೋಕೆ ಬರುತ್ತಾ? ಮಗಳಿಗೆ ಮುಂದೆ ಏನಾದ್ರೂ ಸಿಗುತ್ತಾ? ಸರ್ಕಾರಿ ಕೆಲಸ ಸಿಕ್ಕಿದ್ರೆ ಪೆನ್ಷನ್ ನಿಂತು ಹೋಗುತ್ತೆ ಅಂತಾನೂ ಯಾರೋ ಹೇಳಿದ್ರು, ಅದು ಕೇಳಿ ನಿದ್ದೆನೇ ಬಂದಿಲ್ಲ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ನಿವೃತ್ತ_ಸಿಗ್ನಲ್‌ಮ್ಯಾನ್:

ಮೇಡಂ, ನಾನು ಸಿಗ್ನಲ್ಸ್‌ನಿಂದ ಬಂದವನು, ಈಗ ಕೇಂದ್ರ ಸರ್ಕಾರದ ಆಫೀಸೊಂದರಲ್ಲಿ ಕ್ಲರ್ಕ್. ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತು ಮಾಡ್ಕೊಂಡು ಓದಿ, ಯಾಕಂದ್ರೆ ಇದರಲ್ಲಿ ಅರ್ಧ ಗೊತ್ತಿರೋರೇ ಜಾಸ್ತಿ ಜನ, ಅವರ ಮಾತು ಕೇಳಿ ಒಳ್ಳೊಳ್ಳೆ ಹುಡುಗರು ಅವಕಾಶ ಕಳ್ಕೊಂಡಿದ್ದು ಕಣ್ಣಾರೆ ನೋಡಿದೀನಿ.

ಮೊದಲನೇದು, ತಾವಾಗೇ ಬಿಟ್ಟು ಬಂದ್ರೆ ಮಾಜಿ ಸೈನಿಕ ಅಲ್ಲ ಅನ್ನೋದು ಪೆನ್ಷನ್‌ಗೆ ಅರ್ಹತೆ ಬರೋ ಮುಂಚೆ ಬಿಟ್ಟವರ ವಿಷಯ. ಜವಾನರಿಗೆ 15 ವರ್ಷಕ್ಕೆ ಪೆನ್ಷನ್ ಹಕ್ಕು ಬರುತ್ತೆ. ಅದು ಬಂದ್ಮೇಲೆ ಸ್ವಂತ ಕೋರಿಕೆ ಮೇಲೆ ಬಂದ್ರೂ ಮಾಜಿ ಸೈನಿಕರೇ, ಡೆಫಿನಿಷನ್‌ನಲ್ಲೇ ಹಾಗೆ ಬರೆದಿದೆ. ನಿಮ್ಮ ಮನೆಯವರದ್ದು 17, ಆ ಚಿಂತೆ ಬಿಡಿ.

ಎರಡನೇದು, ಕೇಂದ್ರದ ಹುದ್ದೆಗಳಿಗೆ ಡಿಸ್ಚಾರ್ಜ್ ಆಗೋವರೆಗೂ ಕಾಯಬೇಕಾಗಿಲ್ಲ. ಕೊನೇ ಒಂದು ವರ್ಷದೊಳಗೆ ಇದ್ರೆ ಸರ್ವಿಸ್‌ನಲ್ಲಿ ಇರೋವಾಗ್ಲೇ ಅರ್ಜಿ ಹಾಕಬಹುದು, ಯೂನಿಟ್‌ನಿಂದ ಎನ್‌ಒಸಿ, ಅಂದ್ರೆ ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ, ತಗೋಬೇಕು. ಅಂದ್ರೆ ನಿಮಗೆ ಟೈಮ್ ಈಗ್ಲೇ ಶುರು ಆಗಿದೆ. ರಾಜ್ಯದ ಹುದ್ದೆಗಳದ್ದು ಬೇರೆ ನಿಯಮ, ಅದಕ್ಕೆ ಪ್ರತಿ ನೋಟಿಫಿಕೇಶನ್‌ನಲ್ಲಿ ಮಾಜಿ ಸೈನಿಕ ಅಂದ್ರೆ ಯಾರು ಅನ್ನೋ ಪ್ಯಾರಾ ಇರುತ್ತೆ, ಅದನ್ನ ಪೂರ್ತಿ ಓದದೆ ಫೀಸ್ ಕಟ್ಬೇಡಿ.

ಎಷ್ಟು ಪರ್ಸೆಂಟ್ ಅಂತ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ, ಎಲ್ಲಿಗೆ ಗುರಿ ಇಡಬೇಕು ಅಂತ ಗೊತ್ತಾಗುತ್ತೆ. ಕೇಂದ್ರ ಇಲಾಖೆಗಳ ಸಿ ಗ್ರೂಪ್‌ನಲ್ಲಿ (ಕ್ಲರ್ಕ್ ಥರದ ಹುದ್ದೆ) 10, ಹಳೇ ಡಿ ಗ್ರೂಪ್‌ಗೆ (ಅಟೆಂಡರ್ ಥರದ ಹುದ್ದೆ) 20, ರೈಲ್ವೆಲಿ ಲೆವೆಲ್ 1 ಅನ್ನೋ ಕೆಳಗಿನ ಹಂತದಲ್ಲಿ ಆ 20 ಈಗ್ಲೂ ನಡೀತಿದೆ. ಸರ್ಕಾರಿ ಬ್ಯಾಂಕ್, ಪಿಎಸ್‌ಯು ಅಂದ್ರೆ ಸರ್ಕಾರಿ ಕಂಪನಿಗಳಲ್ಲಿ ಇನ್ನೂ ಜಾಸ್ತಿ, ಕ್ಲರ್ಕ್ ಮಟ್ಟಕ್ಕೆ 14.5, ಕೆಳಗಿನ ಹಂತಕ್ಕೆ 24.5. ಇದರೊಳಗೆ 4.5 ಅಂಗವಿಕಲರಾದ ಮಾಜಿ ಸೈನಿಕರಿಗೆ ಮತ್ತೆ ಯುದ್ಧದಲ್ಲಿ ಮಡಿದವರ ಅವಲಂಬಿತರಿಗೆ. ನಮ್ಮ ರಾಜ್ಯದಲ್ಲಿ ಶೇ. 10. ಇದು ಅಡ್ಡ ಮೀಸಲಾತಿ, ಅಂದ್ರೆ 2ಎ ಅವರು 2ಎ ಒಳಗಿನ ಮಾಜಿ ಸೈನಿಕ ಸೀಟಿಗೆ, ಜನರಲ್ ಅವರು ಜನರಲ್ ಒಳಗಿನದ್ದಕ್ಕೆ. ಹಾಗಾಗಿ ಜಾತಿ ಸರ್ಟಿಫಿಕೇಟ್ ಕೂಡ ಇಟ್ಕೊಳ್ಳಿ.

ವಯಸ್ಸಿಗೆ ಹೆದರಬೇಡಿ. ಕೇಂದ್ರದ ಲೆಕ್ಕದಲ್ಲಿ 37ರಲ್ಲಿ 17 ಕಳೀರಿ, 20 ಉಳೀತು, ಆ 20 ಅನ್ನೋದು ಹುದ್ದೆಯ ಗರಿಷ್ಠ ವಯಸ್ಸಿಗಿಂತ 3 ವರ್ಷಕ್ಕಿಂತ ಹೆಚ್ಚು ಮೇಲೆ ಹೋಗಿರಬಾರದು ಅಷ್ಟೇ. ರಾಜ್ಯದ ಹುದ್ದೆ ತುಂಬೋ ಕೆಪಿಎಸ್‌ಸಿಲಿ ಸೇವೆ ಮಾಡಿದ ವರ್ಷಕ್ಕೆ 3 ಸೇರಿಸಿ ಅಷ್ಟನ್ನ ಗರಿಷ್ಠ ಮಿತಿಗೆ ಕೂಡಿಸ್ತಾರೆ. ಬ್ಯಾಂಕ್ ಕ್ಲರ್ಕ್‌ಗೆ ಮಾತ್ರ ಮೇಲ್ಮಿತಿ 50 ಇದೆ.

ಓದಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸರ್ವಿಸ್ ಮಾಡಿದವರನ್ನ ಕೇಂದ್ರದ ಸಿ ಗ್ರೂಪ್‌ನಲ್ಲಿ ಡಿಗ್ರಿ ಕೇಳೋ ಹುದ್ದೆಗೂ ಅರ್ಹರು ಅಂತ ಪರಿಗಣಿಸ್ತಾರೆ, ತಾಂತ್ರಿಕ ಅನುಭವ ಕಡ್ಡಾಯ ಇಲ್ಲದ ಹುದ್ದೆ ಆಗಿರಬೇಕು. ಡಿಸ್ಚಾರ್ಜ್ ಟೈಮಲ್ಲಿ ಗ್ರಾಜುಯೇಷನ್ ಸರ್ಟಿಫಿಕೇಟ್ ಕೊಡ್ತಾರೆ, ಅದನ್ನ ಕೇಳಿ ಇಸ್ಕೊಂಡೇ ಬರೋಕೆ ಹೇಳಿ.

ಈಗ ನಿಮ್ಮ ಭಾವ ಹೇಳಿದ ಮಾತು. ಇಲ್ಲಿ ಸ್ವಲ್ಪ ನಿಧಾನಿಸಿ. ಈ ಕೋಟಾ ಒಂದು ಸಲ ಉಪಯೋಗಿಸಿ ಕೇಂದ್ರ ಸರ್ಕಾರದ ಸಿವಿಲ್ ಕೆಲಸಕ್ಕೆ ಸೇರಿದ್ರೆ ಅಲ್ಲಿಗೆ ಮೀಸಲಾತಿ ಮುಗೀತು. ಆಮೇಲೆ ವಯಸ್ಸಿನ ಸಡಿಲಿಕೆ ಸಿಗಬಹುದೇ ಹೊರತು ಕೋಟಾ ಸಿಗಲ್ಲ. ಆದ್ರೆ 2014ರ ಆಗಸ್ಟ್‌ನಲ್ಲಿ ಕೇಂದ್ರದ ಸಿಬ್ಬಂದಿ ಇಲಾಖೆ ಡಿಒಪಿಟಿ ಒಂದು ಆದೇಶ ಮಾಡಿದೆ, ಮೊದಲ ಕೆಲಸಕ್ಕೆ ಸೇರೋ ಮುಂಚೆನೇ ಬೇರೆ ಹುದ್ದೆಗಳಿಗೂ ಅರ್ಜಿ ಹಾಕಿದ್ರೆ, ಸೇರಿದ ತಕ್ಷಣ ಆಫೀಸಿಗೆ ನಾನು ಇಂಥಿಂಥ ಹುದ್ದೆಗೆ ಇಂಥಿಂಥ ತಾರೀಕು ಅರ್ಜಿ ಹಾಕಿದೀನಿ ಅಂತ ಸ್ವಯಂ ಘೋಷಣೆ ಕೊಟ್ರೆ, ಆ ಅರ್ಜಿಗಳಿಗೆ ಮಾತ್ರ ಕೋಟಾ ಉಳಿಯುತ್ತೆ. ನಮ್ಮ ಜೊತೆಗಿದ್ದ ಹುಡುಗನೊಬ್ಬ ಎಂಟಿಎಸ್‌ಗೆ (ಕೇಂದ್ರದ ಆಫೀಸುಗಳ ಕೆಳಹಂತದ ಹುದ್ದೆ) ಸೇರ್ದ, ಆಗ್ಲೇ ಬ್ಯಾಂಕ್‌ಗೂ ಹಾಕಿದ್ದ, ಆದ್ರೆ ಈ ಕಾಗದ ಕೊಡಬೇಕು ಅಂತ ಯಾರೂ ಅವನಿಗೆ ಹೇಳ್ಲಿಲ್ಲ, ಬ್ಯಾಂಕ್‌ನಲ್ಲಿ ಸೆಲೆಕ್ಟ್ ಆಗಿ ಡಾಕ್ಯುಮೆಂಟ್ ವೆರಿಫಿಕೇಶನ್‌ನಲ್ಲಿ ನಿಂತು ಹೋಯ್ತು. ಅದಕ್ಕೇ ಹೇಳೋದು, ಸೇರೋ ಮುಂಚೆ ಸಿಕ್ಕ ಎಲ್ಲಾ ನೋಟಿಫಿಕೇಶನ್‌ಗೂ ಅರ್ಜಿ ಹಾಕಿಬಿಡಿ, ಅಪ್ಲಿಕೇಶನ್ ಪ್ರಿಂಟ್ ಒಂದು ಫೈಲಲ್ಲಿ ಇಡಿ. ಕೆಪಿಎಸ್‌ಸಿಗೆ ಮಾಜಿ ಸೈನಿಕರಿಗೆ ಫೀಸ್ 50 ರೂಪಾಯಿ ಪ್ಲಸ್ ಪ್ರೊಸೆಸಿಂಗ್ 35, ಕೇಂದ್ರದ ಹುದ್ದೆಗಳಿಗೆ ಪರೀಕ್ಷೆ ಮಾಡೋ ಎಸ್‌ಎಸ್‌ಸಿಗೆ (ಸ್ಟಾಫ್ ಸೆಲೆಕ್ಷನ್ ಕಮಿಷನ್) ಫೀಸೇ ಇಲ್ಲ, ದುಡ್ಡಿನ ಮುಖ ನೋಡಿ ಬಿಡೋ ಅಂಥದ್ದೇನಲ್ಲ.

ಬ್ಯಾಂಕ್‌ನಲ್ಲೋ ಫ್ಯಾಕ್ಟರಿಲೋ ಸೆಕ್ಯುರಿಟಿ ಕಾಂಟ್ರ್ಯಾಕ್ಟ್ ಕೆಲಸ ಮಾಡಿದ್ರೆ ಏನೂ ತೊಂದ್ರೆ ಇಲ್ಲ, ಯಾವಾಗ ಬೇಕಾದ್ರೂ ತೆಗೆದುಹಾಕಬಹುದಾದ ತಾತ್ಕಾಲಿಕ ಕೆಲಸ ಈ ಲೆಕ್ಕಕ್ಕೆ ಬರಲ್ಲ. ಮನೆ ನಡೀಬೇಕಲ್ಲ, ಅದನ್ನ ಮಾಡ್ತಾ ಓದಲಿ.

ಪೆನ್ಷನ್ ನಿಲ್ಲಲ್ಲ ಮೇಡಂ. ಆಫೀಸರ್ ರ‍್ಯಾಂಕ್‌ಗಿಂತ ಕೆಳಗಿನವರು 55 ವರ್ಷದೊಳಗೆ ರಿಟೈರ್ ಆಗಿ ಕೇಂದ್ರದ ಕೆಲಸಕ್ಕೆ ಸೇರಿದ್ರೆ ಪೆನ್ಷನ್ನನ್ನ ಪೂರ್ತಿ ಬದಿಗಿಟ್ಟು ಸಂಬಳ ಫಿಕ್ಸ್ ಮಾಡ್ತಾರೆ. ಸಂಬಳ ಆ ಹುದ್ದೆಯ ಕನಿಷ್ಠದಿಂದ ಶುರು ಆಗುತ್ತೆ, ಪೆನ್ಷನ್ ಅದರ ಪಾಡಿಗೆ ಬರ್ತಿರುತ್ತೆ. ನೆಮ್ಮದಿಯಾಗಿ ನಿದ್ದೆ ಮಾಡಿ.

ಕುಂದಾನಗರಿ_ಫೌಜಿ:

ಅಕ್ಕಾರ, ಸಿಗ್ನಲ್ಸ್ ಸಾಹೇಬ್ರು ಎಲ್ಲಾ ಬರೋಬ್ಬರಿ ಹೇಳ್ಯಾರ, ನಾ ಬರೇ ಕಾಗದಪತ್ರದ ಮಾತು ಹೇಳ್ತೀನ್ರಿ. ನಮ್ಮ ಊರಾಗ ಮನಿಗೊಬ್ಬ ಫೌಜಿ ಇದ್ದಾರ, ಪೆನ್ಷನ್ ಬಂದವರು ಅರ್ಜಿ ತುಂಬಿಸಾಕ ನನ್ನ ಹತ್ರನ ಬರ್ತಾರ. ಅದರಾಗ ಹೆಚ್ಚಿನವರದು ಪರೀಕ್ಷಾ ಪಾಸಾಗೂದು ಕಷ್ಟ ಆಗೂದಿಲ್ಲ, ಹೆಸರಿಂದನ ತ್ರಾಸ್ ಆಗ್ತೈತಿ.

ಡಿಸ್ಚಾರ್ಜ್ ಬುಕ್ ತಗದು ನೋಡ್ರಿ, ಹೆಂಡ್ತಿ ಮಕ್ಕಳ ಹೆಸರು ಬರೆಯೋ ಪುಟ ಇರ್ತೈತಿ. ಅದರಾಗ ಯೂನಿಟ್‌ನ ಕ್ಲರ್ಕ್ ಯಾವಾಗೋ ಪಾರ್ಟ್ ಟೂ ಆರ್ಡರ್ (ಮನಿಯವರ ವಿವರ ದಾಖಲೆಗೆ ಹಚ್ಚೂ ಆದೇಶ) ಮಾಡುವಾಗ ಕೇಳಿಸಿಕೊಂಡಂಗ ಬರದಿರ್ತಾನ. ಆಧಾರ್‌ದಾಗ ಶೋಭಾ ಅಂತ ಇರ್ತೈತಿ, ಇಲ್ಲಿ ಸೋಬಾ ದೇವಿ ಅಂತ ಇರ್ತೈತಿ, ನಮ್ಮ ಕಡೆ ಯಾರರ ಹೆಣ್ಮಕ್ಕಳ ಹೆಸರಿಗೆ ದೇವಿ ಹಚ್ಚತಾರೇನ್ರಿ, ಆದ್ರ ಅಲ್ಲಿ ಉತ್ತರದ ಕಡೆ ರೂಢಿ, ಹಚ್ಚಿಬಿಡ್ತಾರ. ಮಗಳ ಹುಟ್ಟಿದ ತಾರೀಖು ಸಾಲಿ ದಾಖಲಾತಿಗೆ ಒಂದು, ಇಲ್ಲಿ ಒಂದು. ಮುಂದ ಮಗಳ ಸಿಇಟಿ ಟೈಮಿಗೆ, ನಿಮ್ಮ ಫ್ಯಾಮಿಲಿ ಪೆನ್ಷನ್ನಿಗೆ, ಅವಲಂಬಿತರ ಕಾರ್ಡಿಗೆ ಇದನ್ನ ಹಿಡ್ಕೊಂಡು ಕುಂಡ್ರತಾರ. ಸರ್ವಿಸ್‌ದಾಗ ಇದ್ದಾಗ ತಿದ್ದಸೂದು ಹಗುರ್ರಿ, ಯೂನಿಟ್‌ನಾಗ ಅಫಿಡವಿಟ್ ಕೊಟ್ರ ರೆಕಾರ್ಡ್ ಆಫೀಸಿಗೆ ಅವರ ಕಳಸ್ತಾರ. ಹೊರಗ ಬಂದ ಮ್ಯಾಲ ನೀವ ಪತ್ರ ಬರೀಬೇಕು, ಅದು ಯಾವ ಟೇಬಲ್ಲಿನ ಮ್ಯಾಲ ಕುಂತೈತಿ ಅಂತ ಹುಡುಕ್ಕೋತ ಅಡ್ಡಾಡಬೇಕು. ಇವತ್ತ ಫೋನ್ ಹಚ್ಚಿ ಆ ಪುಟದ ಫೋಟೋ ಕಳಸು ಅನ್ರಿ ನಿಮ್ಮ ಯಜಮಾನರಿಗೆ.

ಬಂದ ಮ್ಯಾಲ ಪಿಪಿಓ (ಪೆನ್ಷನ್ ಮಂಜೂರಾತಿ ಪತ್ರ), ಡಿಸ್ಚಾರ್ಜ್ ಬುಕ್ ತಗೊಂಡು ಜಿಲ್ಲಾದಾಗಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಆಫೀಸಿಗೆ ಹೋಗಿ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಸ್ರಿ. ಗ್ರಾಮೀಣ, ಕನ್ನಡ ಮಾಧ್ಯಮ ಸರ್ಟಿಫಿಕೇಟನೂ ಸಾಲಿಂದ ತಗೊಂಡು ಇಡ್ರಿ, ರಾಜ್ಯದ ನೌಕರಿಗೆ ಅವೂ ಬೇಕಾಗ್ತಾವ. ಕನ್ನಡ ಕಡ್ಡಾಯ ಪೇಪರ್ ಐತಿ, 150ಕ್ಕ 50 ಬರಬೇಕು. ಇಷ್ಟು ವರ್ಷ ಹಿಂದಿ ಮಾತಾಡಿ ಮಾತಾಡಿ ಬರವಣಿಗಿ ಬಿಟ್ಟು ಹೋಗಿರ್ತೈತ್ರಿ, ದಿನಾ ಒಂದು ಪುಟ ಕನ್ನಡ ಬರಿ ಅನ್ರಿ.

ಗಡಿಕಾವಲಿನ_ಮಗ:

ಇದನ್ನ ಓದ್ತಾ ನನಗೂ ಕೇಳಬೇಕು ಅನ್ನಿಸ್ತು. ನಮ್ಮಪ್ಪ ಬಿಎಸ್‌ಎಫ್‌ನಲ್ಲಿ ಇದ್ರು, ರಾಜಸ್ಥಾನ, ತ್ರಿಪುರ, ಕಾಶ್ಮೀರ ಎಲ್ಲಾ ಕಡೆ ಮಾಡಿದಾರೆ. ರಿಟೈರ್ ಆದ್ಮೇಲೆ ಮಾಜಿ ಸೈನಿಕ ಕೋಟಾದಲ್ಲಿ ಅರ್ಜಿ ಹಾಕಿದ್ರು, ರಿಜೆಕ್ಟ್ ಆಯ್ತು. ಊರವರೆಲ್ಲ ಮಿಲಿಟರಿ ಅಂತಾನೇ ಕರೀತಾರೆ ಆದ್ರೆ ಕಾಗದದಲ್ಲಿ ಅಲ್ಲ ಅಂತೆ. ಇದು ಸರಿನಾ?

ನಿವೃತ್ತ_ಸಿಗ್ನಲ್‌ಮ್ಯಾನ್:

ತಮ್ಮಾ, ನಿಯಮ ಇರೋದು ಹಾಗೇ. ಮಾಜಿ ಸೈನಿಕ ಅಂದ್ರೆ ಭೂಸೇನೆ, ನೌಕಾಪಡೆ, ವಾಯುಪಡೆ. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ ಇವೆಲ್ಲ ಗೃಹ ಇಲಾಖೆ ಕೆಳಗೆ ಬರುತ್ತೆ. 2012ರಲ್ಲಿ ಅವರಿಗೆ ಮಾಜಿ ಸಿಎಪಿಎಫ್ (ಸಿಎಪಿಎಫ್ ಅಂದ್ರೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ) ಅಂತ ಬೇರೆ ಗುರುತು ಕೊಟ್ರು, ಆದ್ರೆ ಕೇಂದ್ರದ ಕೆಲಸದ ಕೋಟಾ ಅದರ ಜೊತೆ ಬರ್ಲಿಲ್ಲ. ಸರಿನಾ ಅಂತ ಕೇಳಿದ್ರೆ ನನ್ನ ಮನಸ್ಸಿಗೆ ಸರಿ ಅನ್ಸಲ್ಲ. ಗಡಿಲಿ ನಮ್ಮ ಪೋಸ್ಟ್ ಪಕ್ಕದಲ್ಲೇ ಅವರ ಪೋಸ್ಟ್ ಇರ್ತಿತ್ತು, ಚಳಿ ಇಬ್ಬರಿಗೂ ಒಂದೇ. ನಮ್ಮವರು ಬೇಗ ರಿಟೈರ್ ಆಗ್ತಾರೆ, ಅವರು ವಯಸ್ಸಾಗೋವರೆಗೂ ಸರ್ವಿಸ್ ಮಾಡಬಹುದು, ಅದಕ್ಕೇ ಕೋಟಾ ನಮಗೆ ಅನ್ನೋದು ಸರ್ಕಾರದ ಲೆಕ್ಕ, ಅದರಲ್ಲಿ ಅರ್ಥ ಇದೆ, ಆದ್ರೂ ಬೇಗ ಬಿಟ್ಟು ಬರಬೇಕಾದವರಿಗೆ ಏನಾದ್ರೂ ದಾರಿ ಮಾಡಬೇಕಿತ್ತು. ನಿನಗೆ ಓದಿಗೆ ಉಪಯೋಗ ಆಗಬಹುದು, ಸಿಇಟಿಲಿ ಸಿಎಪಿಎಫ್, ಮಾಜಿ ಸಿಎಪಿಎಫ್ ಮಕ್ಕಳಿಗೆ ಪ್ರತ್ಯೇಕ ಕೆಟಗರಿ ಇದೆ, ಸಿಇಟಿ ನಡೆಸೋ ಕೆಇಎ ಮಾಹಿತಿ ಪುಸ್ತಕ ನೋಡು.

ಸ್ಪರ್ಧಾರ್ಥಿ_ತುಮಕೂರು:

ಯಾರೂ ಬೇಜಾರಾಗ್ಬೇಡಿ, ನೇರವಾಗಿ ಕೇಳ್ತೀನಿ. ನಾನು ಕೆಪಿಎಸ್‌ಸಿಗೆ ಓದ್ತಾ ಇದೀನಿ, ರೂಮ್ ಬಾಡಿಗೆ ಕಟ್ಟೋಕೆ ಡೆಲಿವರಿ ಕೆಲಸ ಮಾಡ್ತೀನಿ. ಒಂದು ಅಂಕದಲ್ಲಿ ಸೀಟ್ ತಪ್ಪಿದಾಗ ಅದೇ ಕೆಟಗರಿಲಿ ನನಗಿಂತ ಬಹಳ ಕಡಿಮೆ ಅಂಕಕ್ಕೆ ಮಾಜಿ ಸೈನಿಕ ಕಟ್ ಆಫ್ ನಿಂತಿರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅವರಿಗೆ ಪೆನ್ಷನ್ ಇದೆ, ಕ್ಯಾಂಟೀನ್ ಇದೆ, ಆಸ್ಪತ್ರೆ ಇದೆ. ನಮಗೆ ಏನೂ ಇಲ್ಲ. ಇದಕ್ಕೆ ಉತ್ತರ ಕೊಡಿ.

ಕುಂದಾನಗರಿ_ಫೌಜಿ:

ತಮ್ಮಾ ನಿನ್ನ ಸಂಕಟ ತಿಳೀತೈತಿ. ಆದ್ರ ಒಂದು ಮಾತು, ಮಾಜಿ ಸೈನಿಕರು ಸಿಗಲಿಲ್ಲ ಅಂದ್ರ ಆ ಸೀಟು ಮುಂದಿನ ವರ್ಷಕ್ಕ ಹೋಗೂದಿಲ್ಲ, ಅದ ಕೆಟಗರಿಯ ಬ್ಯಾರೆ ಅಭ್ಯರ್ಥಿಗಳಿಗೆ ಬರ್ತೈತಿ. ಮತ್ತ 18ಕ್ಕ ಭರ್ತಿ ಆದ ಹುಡುಗ ಡಿಗ್ರಿ ಮಾಡೂ ವಯಸ್ಸಿನಾಗ ಬಂಕರ್‌ದಾಗ ಇರ್ತಾನ, ನೀ ಓದೂ ವಯಸ್ಸಿನಾಗ ಅಂವ ಸೆಂಟ್ರಿ ಡ್ಯೂಟಿ ಮಾಡ್ತಾನ, 36–37ಕ್ಕ ಹೊರಗ ಬಂದ ಮ್ಯಾಲ ನಿನ್ನ ಜೋಡಿ ಒಂದ ಪ್ರಶ್ನೆಪತ್ರಿಕೆ ಬರಿ ಅಂದ್ರ ಹೆಂಗ್ ಬರೀಬೇಕು? ಜವಾನನ ಪೆನ್ಷನ್ನಿನಾಗ ತಂದಿ ತಾಯಿ ಔಷಧಾ, ಮಕ್ಕಳ ಸಾಲಿ, ಮನಿ ಸಾಲ ಎಲ್ಲಾ ನಡೀಬೇಕು. ನಿನ್ನ ಸಿಟ್ಟು ಹುದ್ದೆ ಕಡಿಮಿ ಕರ್ಯೂದರ ಮ್ಯಾಲ ಇರಲಿ, ನೋಟಿಫಿಕೇಶನ್ ಆಗಿ ವರ್ಷಗಟ್ಟಲೆ ರಿಸಲ್ಟ್ ಬರದಿರೂದರ ಮ್ಯಾಲ ಇರಲಿ, ಅದರಾಗ ನಾನೂ ನಿನ್ನ ಜೋಡಿ ನಿಂದರತೀನಿ.

ಒಬ್ಬ_ತಾಯಿ:

ಮಲೆನಾಡಿನ ಮಗಳೇ, ನಿಮ್ಮ ಕೆಲಸದ ಬಗ್ಗೆ, ಮಗಳ ಬಗ್ಗೆ ಕೇಳಿದ್ದಕ್ಕೆ ನಾನು ಹೇಳ್ತೀನಿ. ನಮ್ಮೆಜಮಾನ್ರು ಕಾರ್ಯಾಚರಣೆಲಿ ಹೋದ್ರು. ಮಗಳು ಆಗ ಒಂದನೇ ಕ್ಲಾಸು.

ರಾಜ್ಯದ ಶೇ. 10ರಲ್ಲಿ ಅವಲಂಬಿತರು ಅಂತ ಬರೋದು ಸೇವೆಲಿದ್ದಾಗ ಮಡಿದವರ ಅಥವಾ ಶಾಶ್ವತವಾಗಿ ಅಂಗವಿಕಲರಾದವರ ಮನೆಯವರಿಗೆ ಮಾತ್ರ. ನಿಮ್ಮ ಯಜಮಾನ್ರು ಆರೋಗ್ಯವಾಗಿ ಮನೆಗೆ ಬರ್ತಿದ್ದಾರೆ, ಹಾಗಾಗಿ ಟೀಚರ್ ಹುದ್ದೆಗೆ ಅವರ ಹೆಸರಲ್ಲಿ ನೀವು ಹಾಕೋಕೆ ಬರಲ್ಲ. ನಿಮ್ಮ ಜಾತಿ ಕೆಟಗರಿ, ಮಹಿಳಾ ಮೀಸಲಾತಿ, ಗ್ರಾಮೀಣ ಇದ್ರೆ ಅದು, ಇವುಗಳಲ್ಲಿ ಹಾಕಿ. ನಿಮ್ಮ ಜಾತಿ ಸರ್ಟಿಫಿಕೇಟ್ ತಂದೆ ಹೆಸರಲ್ಲಿ ಇರಬೇಕು, ಗಂಡನ ಹೆಸರಲ್ಲಿ ಮಾಡ್ಸಿದ್ರೆ ಬದಲಾಯಿಸಿಕೊಳ್ಳಿ. ಮಗಳಿಗೆ ಕೆಲಸದ ಕೋಟಾ ಇಲ್ಲ, ಆದ್ರೆ ಸಿಇಟಿಲಿ ಮಾಜಿ ಸೈನಿಕರ ಮಕ್ಕಳ ಕೆಟಗರಿ ಇದೆ, ಪಿಯುಸಿಗೆ ಬಂದ ಕೂಡ್ಲೇ ಕಾಗದ ರೆಡಿ ಮಾಡಿಡಿ.

ನನ್ನಂಥವರ ವಿಷಯದಲ್ಲಿ ಒಂದು ಹೇಳ್ಲೇಬೇಕು, ಬೇರೆ ಯಾರಾದ್ರೂ ಇದನ್ನ ಓದ್ತಿರಬಹುದು. ಗಂಡು ಮಗ ಮದುವೆ ಆದ್ರೂ ಅವಲಂಬಿತ, ಹೆಣ್ಣು ಮಗಳಿಗೆ ಮದುವೆ ಆದ ದಿನಕ್ಕೆ ಅವಲಂಬಿತರ ಕಾರ್ಡ್ ರದ್ದು ಅಂತ ನಿಯಮ ಇತ್ತು. ಆಪರೇಷನ್ ಪರಾಕ್ರಮ್ (ಪಾಕ್ ಗಡಿಲಿ ಸೇನೆ ಜಮಾಯಿಸಿದ ಕಾರ್ಯಾಚರಣೆ) ಟೈಮಲ್ಲಿ ಪ್ರಾಣ ಬಿಟ್ಟ ಸುಬೇದಾರರೊಬ್ಬರ ಮಗಳು ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕೋಕೆ ಈ ಕಾರ್ಡ್ ಕೇಳಿದ್ರು, ಮದುವೆ ಆಗಿದೆ ಅಂತ ಕೊಡ್ಲಿಲ್ಲ. ಅವರು ಕರ್ನಾಟಕ ಹೈಕೋರ್ಟಿಗೆ ಹೋದ್ರು. 2023ರ ಜನವರಿಲಿ ಕೋರ್ಟು ಆ ಮದುವೆ ಷರತ್ತನ್ನ ಸಂವಿಧಾನಕ್ಕೆ ವಿರುದ್ಧ ಅಂತ ತೆಗೆದುಹಾಕ್ತು, ಮಗ ಮದುವೆ ಆದ್ರೆ ಇಲ್ಲದ ಅಡ್ಡಿ ಮಗಳಿಗೆ ಯಾಕೆ ಅಂತ. ಆ ಸುದ್ದಿ ಓದಿದ ದಿನ ನಾನು ಪೇಪರ್ ಕಟ್ ಮಾಡಿ ಮಗಳ ಮಾರ್ಕ್ಸ್ ಕಾರ್ಡ್ ಇರೋ ಫೈಲಲ್ಲಿ ಇಟ್ಟೆ. ಆಮೇಲೂ ಒಂದು ಆಫೀಸಲ್ಲಿ ಮದುವೆ ಆದವರಿಗೆ ಕೊಡಲ್ಲ ಕಣಮ್ಮ ಅಂತಾನೇ ಅಂದ್ರು. ತೀರ್ಪಿನ ಪ್ರತಿ ಪ್ರಿಂಟ್ ತೆಗೆಸಿಕೊಂಡು ಹೋಗಿ ಅರ್ಜಿ ಜೊತೆ ಲಗತ್ತಿಸಿ, ಕೊಡಲ್ಲ ಅಂದ್ರೆ ಬರವಣಿಗೆಲಿ ಕೊಡಿ ಅಂತ ಕೇಳಿ. ಬಾಯಿಮಾತಲ್ಲಿ ಇಲ್ಲ ಅನ್ನಿಸ್ಕೊಂಡು ವಾಪಸ್ ಬರಬೇಡಿ.

ಮಲೆನಾಡಿನ_ಮಗಳು:

ಅಕ್ಕ, ನಿಮ್ಮ ಮಾತು ಓದಿ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ, ನಿಮ್ಮ ಮಗಳಿಗೆ ಒಳ್ಳೇದಾಗ್ಲಿ. ಎಲ್ಲರಿಗೂ ಧನ್ಯವಾದ. ಇವರಿಗೆ ಫೋನ್ ಮಾಡಿ ಆ ಪುಟದ ಫೋಟೋ ತರಿಸ್ದೆ. ಮಗಳ ಹೆಸರಲ್ಲಿ ಒಂದು ಅಕ್ಷರ ಬೇರೆ ಇದೆ, ನಾಳೆನೇ ಯೂನಿಟ್‌ನಲ್ಲಿ ಕೊಡ್ತೀನಿ ಅಂದ್ರು. ಇನ್ನೊಂದೇ ಪ್ರಶ್ನೆ. ನಮ್ಮ ಮೈದುನ ಅಗ್ನಿವೀರ್ ಆಗಿ ಸೇರಿದಾನೆ, ನಾಲ್ಕು ವರ್ಷ ಮುಗಿಸಿ ಬಂದ್ರೆ ಅವನಿಗೂ ಇದೇ ಕೋಟಾನಾ?

ನಿವೃತ್ತ_ಸಿಗ್ನಲ್‌ಮ್ಯಾನ್:

ಇಲ್ಲ ಮೇಡಂ, ಅವನದ್ದು ಪೂರ್ತಿ ಬೇರೆ. 2022ರ ಜೂನ್‌ನಲ್ಲಿ ಆ ಯೋಜನೆ ಬಂದಾಗ್ಲೇ ಅಗ್ನಿವೀರರಿಗೆ ಮಾಜಿ ಸೈನಿಕ ಸ್ಥಾನಮಾನ, ಪೆನ್ಷನ್ ಎರಡೂ ಇಲ್ಲ ಅಂತ ಹೇಳಿದಾರೆ. ಹೊರಗೆ ಬರುವಾಗ ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ಬರುತ್ತೆ, ನಾಲ್ಕರಲ್ಲಿ ಒಬ್ಬರವರೆಗೆ ಕಾಯಂ ಮಾಡ್ಕೊಳ್ತಾರೆ. ಸಿಎಪಿಎಫ್ ಮತ್ತೆ ಅಸ್ಸಾಂ ರೈಫಲ್ಸ್‌ನಲ್ಲಿ ಅವರಿಗೆ ಅಂತ ಬೇರೆ ಮೀಸಲಾತಿ ಘೋಷಿಸಿದಾರೆ, ವಯಸ್ಸಿನಲ್ಲಿ 3 ವರ್ಷ ಸಡಿಲಿಕೆ, ಮೊದಲ ಬ್ಯಾಚ್‌ಗೆ 5. ಅವನು ಕಾಯಂ ಆದ್ರೆ ಮುಂದೆ ಪೆನ್ಷನ್, ಮಾಜಿ ಸೈನಿಕ ಕೋಟಾ ಎಲ್ಲಾ ನಿಮ್ಮವರ ಹಾಗೇ. ಹಾಗಾಗಿ ಈ ನಾಲ್ಕು ವರ್ಷದಲ್ಲಿ ಡಿಗ್ರಿಗೆ ಇಗ್ನೋದಲ್ಲಿ ಅಡ್ಮಿಷನ್ ಮಾಡಿಸಿ, ಯೂನಿಟ್‌ನಲ್ಲಿ ಕೇಳಿದ್ರೆ ಹೇಳ್ತಾರೆ. ನಿಮ್ಮವರಿಗೆ ಎನ್‌ಒಸಿ ಸಿಕ್ಕಿದ ಮೇಲೆ ಇಲ್ಲೇ ಬರೀರಿ, ಸ್ವಯಂ ಘೋಷಣೆ ಹೇಗೆ ಬರೀಬೇಕು ಅಂತ ನನ್ನ ಹತ್ರ ಇರೋ ನಮೂನೆ ನೋಡಿ ಟೈಪ್ ಮಾಡಿ ಹಾಕ್ತೀನಿ.